ಸಾದಾ ಗುಂಪಿನ ಎಂಟು ಮೊಲಗಳು

ಫೆಬ್ರವರಿ 3, ಸೋಮವಾರ

ಡಾಕ್ಟರಿಗೆ ತೋರಿಸುವ ಪುಸ್ತಕ ಬೇರೆ. ಇದು ನನ್ನದು.

ಏನು ತಿಂದರೂ ಬರೆದಿಡಿ ಅಂದಿದ್ದಾರೆ ಡಾಕ್ಟರು, ಒಂದು ಬಿಸ್ಕತ್ತನ್ನೂ ಬಿಡದ ಹಾಗೆ. ನನ್ನ ಕೊಲೆಸ್ಟ್ರಾಲು ಇನ್ನೂರ ಎಂಬತ್ತೆಂಟಂತೆ. ಇಪ್ಪತ್ತೆರಡು ವರ್ಷದಿಂದ ಸಂಶೋಧನಾಲಯದ ಪ್ರಾಣಿಮನೆಯಲ್ಲಿ ಇಲಿಗೂ ಮೊಲಕ್ಕೂ ಮೇವು ತೂಗಿ, ಕಲಸಿ, ಎಷ್ಟು ತಿಂದವು ಅಂತ ರಿಜಿಸ್ಟರಿನಲ್ಲಿ ಬರೆಯುತ್ತಾ ಬಂದವನು ನಾನು. ಈಗ ನಾನು ಎಷ್ಟು ತಿಂದೆ ಅಂತ ಬರೆದು ಒಪ್ಪಿಸಬೇಕು. ಐವತ್ತಾರನೇ ವಯಸ್ಸಿಗೆ ಇದೂ ಬಾಕಿ ಇತ್ತು.

ಇವಳು, ನನ್ನ ಹೆಂಡತಿ, ದಾರಿಯಲ್ಲೇ ಅಂಗಡಿಗೆ ನುಗ್ಗಿ ಎರಡು ನೋಟ್‌ಬುಕ್ ತಂದಳು, ಒಂದು ತುಂಬಿದರೆ ಇನ್ನೊಂದಿರಲಿ ಅಂತ. ಹೊಲಿಗೆ ಅಂಗಡಿಯವಳಲ್ಲವೇ, ಬಟ್ಟೆಯನ್ನೂ ಯಾವಾಗಲೂ ಒಂದು ಗೇಣು ಹೆಚ್ಚೇ ಬಿಟ್ಟು ಕತ್ತರಿಸುವವಳು.

ಡಾಕ್ಟರ ಪುಸ್ತಕದಲ್ಲಿ ಇವತ್ತು: ಬೇಯಿಸಿದ ತರಕಾರಿ, ಸಪ್ಪೆ ಸೂಪು, ಒಂದು ಸೇಬು.

ಇಲ್ಲಿ ಇವತ್ತು: ಕ್ಯಾಂಟೀನಿನಲ್ಲಿ ಬೆಣ್ಣೆ ಮೆತ್ತಿದ ಬನ್ನು ಎರಡು, ಮೊಟ್ಟೆ ಎರಡು. ಸೇಬು ಚೀಲದಲ್ಲೇ ಇದೆ.

ಮಾತ್ರೆಯನ್ನೂ ಕೊಟ್ಟಿದ್ದಾರೆ. ನುಂಗಿದರೆ ಮೈಕೈ ನೋವು ಬರುತ್ತೆ ಅಂತ ಯಾರೋ ಹೇಳಿದ್ದರು. ನೋಡೋಣ.

ಫೆಬ್ರವರಿ 6, ಗುರುವಾರ

ಹೊಸ ಪ್ರಯೋಗ ಶುರು. ಹದಿನಾರು ಬಿಳಿ ಮೊಲ. ಎಂಟಕ್ಕೆ ಸಾದಾ ಮೇವು, ಎಂಟಕ್ಕೆ ಕೊಲೆಸ್ಟ್ರಾಲ್ ಬೆರೆಸಿದ ಮೇವು. ಯಾವುದರ ರಕ್ತದಲ್ಲಿ ಏನೇನಾಗುತ್ತೆ ಅಂತ ಹನ್ನೆರಡು ವಾರ ನೋಡುವುದು. ನನ್ನನ್ನು ಕೇಳಿದ್ದರೆ ಹನ್ನೆರಡು ವಾರ ಬೇಡ, ಇದನ್ನು ನಡೆಸುವವಳ ಮುಖ ಐದು ನಿಮಿಷ ನೋಡಿ ಸಾಕು ಅಂತಿದ್ದೆ.

ಪ್ರಯೋಗ ನಡೆಸುವವಳು ಕಳೆದ ವರ್ಷ ಸೇರಿದ ಹುಡುಗಿ. ಅವಳ ಮೇಲೆ ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಇರುವುದರಿಂದ ಅವಳು ಸಣ್ಣ ಮೇಡಂ. ನಕ್ಕಿದ್ದನ್ನು ನಾನಂತೂ ನೋಡಿಲ್ಲ. ಬೆಳಿಗ್ಗೆ ಮೇವಿನ ಕೋಣೆಗೆ ಬಂದವಳೇ ಒಂದು ಹಾಳೆ ಗೋಡೆಗೆ ಅಂಟಿಸಿದಳು. ಕೊಲೆಸ್ಟ್ರಾಲ್ ಪುಡಿಯನ್ನು ಬಿಸಿ ಎಣ್ಣೆಯಲ್ಲಿ ಕರಗಿಸುವುದು, ಮೇವಿನ ಗುಳಿಗೆಗಳ ಮೇಲೆ ಹುಯ್ಯುವುದು, ಡ್ರಮ್ಮಿನಲ್ಲಿ ಇಪ್ಪತ್ತು ನಿಮಿಷ ತಿರುಗಿಸುವುದು. ಸಾದಾ ಮೇವಿಗೆ ಬರೀ ಎಣ್ಣೆ. ಪ್ರತಿ ಗುರುವಾರ ಮೊದಲು ಸಾದಾ, ಆಮೇಲೆ ಕೊಬ್ಬಿನದು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ: ಕೆಲಸ ಮುಗಿದ ಮೇಲೆ ಡ್ರಮ್ಮನ್ನು ಕುದಿಯುವ ನೀರಿನಲ್ಲಿ ಎರಡು ಸಲ ತೊಳೆಯತಕ್ಕದ್ದು.

"ಇದು ನಂಗೆ ಗೊತ್ತಿಲ್ವಾ ಮೇಡಂ?" ಅಂದೆ.

"ಗೊತ್ತಿರುತ್ತೆ. ಆದ್ರೂ ಕಣ್ಣೆದುರಿಗೆ ಇರ್ಲಿ," ಅಂದಳು.

ಇರಲಿ ಅಂತೆ. ಅವಳು ಹಾಲುಹಲ್ಲು ಉದುರಿಸುತ್ತಿದ್ದ ಕಾಲಕ್ಕೆ ನಾನು ಇದೇ ಡ್ರಮ್ಮು ತಿರುಗಿಸುತ್ತಿದ್ದೆ. ಇಡೀ ಕಟ್ಟಡ ನನ್ನನ್ನು ಫೀಡಣ್ಣ ಅನ್ನುತ್ತೆ. ಅವಳೊಬ್ಬಳು "ಇವರೇ" ಅನ್ನುತ್ತಾಳೆ.

ಫೆಬ್ರವರಿ 13, ಗುರುವಾರ

ಮೇವಿನ ಕೋಣೆಯ ಗೀಸರು ಕೆಟ್ಟು ಒಂದು ತಿಂಗಳಾಯಿತು. ಮೂರು ಸಲ ಅರ್ಜಿ ಕೊಟ್ಟೆ. ನಿರ್ವಹಣೆ ವಿಭಾಗದವರು ಬಂದರು, ಅದರ ಮುಂದೆ ನಿಂತರು, ತಲೆಯಾಡಿಸಿದರು, ಹೋದರು. ಹೆಣ ನೋಡಲು ಬಂದವರ ಹಾಗೆ. ಲಿಫ್ಟಿನದೂ ಅದೇ ಗತಿ.

ಹಾಗಾಗಿ ಕುದಿಯುವ ನೀರು ಬೇಕಾದರೆ ನೆಲಮಹಡಿಯ ಬಾಯ್ಲರಿನಿಂದ ಹೊತ್ತು ತರಬೇಕು. ನಲವತ್ತೆರಡು ಮೆಟ್ಟಿಲು. ಕೈಯಲ್ಲಿ ಬಕೆಟ್ಟು. ಮೊದಲ ಬಕೆಟ್ಟಿಗೇ ಎದೆ ಬಿಗಿಯಿತು, ಎಡ ದವಡೆ ಎಳೆದ ಹಾಗಾಯಿತು. ಬನ್ನಿನ ಗ್ಯಾಸು. ಎರಡನೇ ಸಲ ಇಳಿಯಲಿಲ್ಲ. ಉಳಿದದ್ದನ್ನು ನಲ್ಲಿ ನೀರಿನಲ್ಲೇ ಸೋಪು ಹಾಕಿ ಉಜ್ಜಿ ಮುಗಿಸಿದೆ. ಡ್ರಮ್ಮು ಫಳಫಳ ಅಂತಿದೆ. ಮುಖ ನೋಡಿಕೊಳ್ಳಬಹುದು.

ಡಾಕ್ಟರ ಪುಸ್ತಕ: ಸಪ್ಪೆ ಸೂಪು.

ಫೆಬ್ರವರಿ 24, ಸೋಮವಾರ

ಮೊದಲ ಸಲ ರಕ್ತ ತೆಗೆದರು. ಮೊಲ ಹಿಡಿಯುವುದಕ್ಕೆ ನಾನೇ ಬೇಕು. ಬೇರೆಯವರು ಹಿಡಿದರೆ ಹಿಂಗಾಲು ಝಾಡಿಸಿ ತಮ್ಮ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತವೆ. ನನ್ನ ತೋಳಲ್ಲಿ ಮುಖ ಹುದುಗಿಸಿ ಸುಮ್ಮನೆ ಕೂರುತ್ತವೆ. ಸಣ್ಣ ಮೇಡಂ ಕಿವಿಯ ನಾಳಕ್ಕೆ ಸೂಜಿ ಹಾಕುತ್ತಾಳೆ. ಕೈ ಮಾತ್ರ ಒಳ್ಳೆಯದು, ಒಂದೇ ಚುಚ್ಚು. ಅಷ್ಟು ಒಪ್ಪಬೇಕು.

ರಕ್ತವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದ ಮೇಲೆ ಎರಡು ಟ್ಯೂಬು ಎತ್ತಿ ಬೆಳಕಿಗೆ ಹಿಡಿದಳು. ಸಾದಾ ಗುಂಪಿನದರಲ್ಲಿ ಮೇಲೆ ನಿಂತ ನೀರು ತಿಳಿಯಾಗಿ, ತುಸು ಹಳದಿಯಾಗಿತ್ತು. ಕೊಬ್ಬಿನ ಗುಂಪಿನದು ಹಾಲು. ಸುಳ್ಳಲ್ಲ, ಹಾಲೇ.

"ಇದು ರಕ್ತದಲ್ಲಿ ಇತ್ತಾ?" ಅಂತ ಬಾಯಿಗೆ ಬಂದುಬಿಟ್ಟಿತು.

ನನ್ನ ಕಡೆ ಅಚ್ಚರಿಯಿಂದ ನೋಡಿದಳು. ಯಾರೂ ಕೇಳುವುದಿಲ್ಲ ಅಂತ ಕಾಣುತ್ತೆ. "ಕೊಲೆಸ್ಟ್ರಾಲು ಎಣ್ಣೆ ಜಾತಿ, ರಕ್ತ ನೀರಿನ ಜಾತಿ. ಎರಡೂ ಸೇರಲ್ಲ. ಅದಕ್ಕೇ ಮೈ ಅದನ್ನ ಪ್ರೋಟೀನಿನ ಪೊಟ್ಟಣ ಕಟ್ಟಿ ಸಾಗಿಸುತ್ತೆ. ಆ ಪೊಟ್ಟಣಕ್ಕೇ ಲೈಪೋಪ್ರೋಟೀನ್ ಅನ್ನೋದು. ಊರೆಲ್ಲ ಸುತ್ತಿ ಬಂದ ಪೊಟ್ಟಣಾನ ಲಿವರು ಇಳಿಸ್ಕೋಬೇಕು. ಆದ್ರೆ ಲಿವರಿನಲ್ಲೇ ಕೊಬ್ಬು ತುಂಬಿ ಹೋದ್ರೆ?"

"ಜಾಗ ಇರಲ್ಲ."

"ಅಷ್ಟೇ ಅಲ್ಲ. ಇಳಿಸ್ಕೊಳ್ಳೋ ಕೈಗಳನ್ನೇ ಕಡಿಮೆ ಮಾಡ್ಕೊಂಡುಬಿಡುತ್ತೆ. ಆಗ ಪೊಟ್ಟಣಗಳು ರಕ್ತದಲ್ಲೇ ಸುತ್ತುತಾ ಇರ್ತವೆ. ಸುತ್ತಿ ಸುತ್ತಿ ನಾಳದ ಗೋಡೆಗೆ ಅಂಟ್ಕೊಳ್ತವೆ."

ಹೇಳುವಾಗ ಅವಳ ಮುಖ ಬೇರೆಯೇ ಇತ್ತು. ಆಮೇಲೆ ಮತ್ತೆ ಎಂದಿನ ಗಂಟು. "ಇವರೇ, ಆರನೇ ಮೊಲ ತನ್ನಿ."

ಬನ್ನು ಒಂದೇ ತಿಂದೆ. ಹಸಿವಿರಲಿಲ್ಲ.

ಮಾರ್ಚ್ 10, ಸೋಮವಾರ

ತಲೆ ಕೆಟ್ಟುಹೋಗಿದೆ.

ಸಾದಾ ಗುಂಪಿನ ಮೊಲಗಳ ಕೊಲೆಸ್ಟ್ರಾಲೂ ಏರುತ್ತಿದೆಯಂತೆ. ಐವತ್ತರ ಆಸುಪಾಸು ಇರಬೇಕಾದದ್ದು ನೂರ ಹತ್ತು, ನೂರ ಇಪ್ಪತ್ತು. ಎಂಟಕ್ಕೆ ಎಂಟೂ. ಕೊಬ್ಬಿನ ಗುಂಪಿನದು ಸಾವಿರ ದಾಟಿದೆ, ಅದು ಸರಿ. ಆದರೆ ಸಾದಾ ಗುಂಪು ಸಾದಾ ಆಗಿ ಉಳಿಯದಿದ್ದರೆ ಹೋಲಿಸಿ ನೋಡುವುದು ಯಾವುದರ ಜೊತೆ?

ಸಣ್ಣ ಮೇಡಂ ನೇರ ಮೇವಿನ ಕೋಣೆಗೇ ಬಂದಳು.

"ಎರಡೂ ಮೇವು ಅದಲುಬದಲು ಏನಾದ್ರೂ ಆಗಿರಬಹುದಾ?"

"ಆಗಿಲ್ಲ."

"ಚೀಲದ ಚೀಟಿ?"

"ಸಾದಾಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು. ನಂಗೆ ಬಣ್ಣ ಕಾಣುತ್ತೆ ಮೇಡಂ."

"ಡ್ರಮ್ಮು?"

"ತೊಳೆದಿದ್ದೀನಿ. ರಿಜಿಸ್ಟರು ನೋಡಿ."

ನೋಡಿದಳು. ಪ್ರತಿ ಗುರುವಾರದ ಮುಂದೆ "ತೊಳೆಯಲಾಗಿದೆ" ಅಂತ ನನ್ನ ಸಹಿ. ತೊಳೆದೇ ಇದ್ದೇನಲ್ಲ. ರಿಜಿಸ್ಟರು ಮುಚ್ಚಿ, ಥ್ಯಾಂಕ್ಸ್ ಅಂತ ಒಂದು ಮಾತೂ ಇಲ್ಲದೆ ಹೋದಳು. ತನ್ನ ಲೆಕ್ಕ ತಪ್ಪಿದರೆ ಮೇವಿನವನು ಸಿಗುತ್ತಾನೆ.

ಮಾರ್ಚ್ 12, ಬುಧವಾರ

ಮತ್ತೆ ಬಂದಳು. ನಿನ್ನೆಯದೂ ಸೇರಿ ಮೂರನೇ ಸಲ. ಈ ಸಲ ಪುಟ್ಟ ಪುಟ್ಟ ಚೀಲ ತಂದು ಪ್ರತಿ ವಾರದ ಸಾದಾ ಮೇವಿನಿಂದ ಒಂದೊಂದು ಹಿಡಿ ತೆಗೆದುಕೊಂಡಳು. ಹೊರಗಿನ ಲ್ಯಾಬಿಗೆ ಪರೀಕ್ಷೆಗೆ ಕಳಿಸುತ್ತಾಳಂತೆ.

"ನಾನು ಕದ್ದೆ ಅಂತ ಪೊಲೀಸ್ ಕಂಪ್ಲೇಂಟೂ ಕೊಟ್ಬಿಡಿ," ಅಂದೆ.

"ನಾನು ಯಾರನ್ನೂ ಕಳ್ಳ ಅಂದಿಲ್ಲ. ತಪ್ಪು ಎಲ್ಲಿದೆ ಅಂತ ಹುಡುಕ್ತಾ ಇದ್ದೀನಿ."

"ನಿಮ್ಮ ಟ್ಯೂಬಲ್ಲಿ ಹುಡುಕಿ."

ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಮೆಟ್ಟಿಲು ಹತ್ತಿ ದೊಡ್ಡ ಮೇಡಂ ಕೋಣೆಗೆ ಹೋದೆ. ಬಾಗಿಲಲ್ಲಿ ಎರಡು ನಿಮಿಷ ಉಸಿರು ಸುಧಾರಿಸಿಕೊಂಡು ಒಳಗೆ ಹೋಗಿ ಎಲ್ಲ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ದೂರು ಬಂದಿದೆಯಾ ಕೇಳಿ ಅಂದೆ.

ದೊಡ್ಡ ಮೇಡಂ ಸಣ್ಣ ಮೇಡಂಳನ್ನು ಕರೆಸಿದರು. ನನ್ನೆದುರಿಗೇ. "ಫೀಡಣ್ಣನ ಕೆಲಸ ನಾನು ನೋಡಿದ್ದೀನಿ. ಅದರಲ್ಲಿ ತಪ್ಪು ಬರಲ್ಲ. ನೀನು ಮೊದಲು ನಿನ್ನ ಕೈಕೆಲಸ ನೋಡ್ಕೋ. ಮೇವಿನ ಪರೀಕ್ಷೆ ಗಿರೀಕ್ಷೆ ಏನೂ ಬೇಡ."

ಅವಳು ಪುಟ್ಟ ಚೀಲಗಳನ್ನು ಜೇಬಿಗೆ ಹಾಕಿಕೊಂಡಳು. ಕತ್ತು ಕೆಂಪಗಾಗಿತ್ತು.

ಮಾರ್ಚ್ 13, ಗುರುವಾರ

ಮೇವು ಕಲಸಿದೆ. ಯಾರೂ ಬಂದು ಕೇಳಲಿಲ್ಲ. ನೆಮ್ಮದಿ.

ಮಾರ್ಚ್ 25, ಮಂಗಳವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ನನ್ನ ಪುಸ್ತಕವನ್ನು ಹಾಳೆ ಹಾಳೆ ತಿರುವಿ ಓದಿದರು. "ಭೇಷ್, ಇಷ್ಟು ಶಿಸ್ತಿನಿಂದ ಬರೆದವರನ್ನ ನಾನು ನೋಡಿಲ್ಲ," ಅಂದರು. ಇವಳು ಹಿಗ್ಗಿದಳು. ಆಮೇಲೆ ರಕ್ತದ ವರದಿ ತೆರೆದರು. ಮುನ್ನೂರ ಒಂದು.

"ವಿಚಿತ್ರ," ಅಂದರು. "ಇಷ್ಟು ಸಪ್ಪೆ ತಿಂದೂ, ಮಾತ್ರೆ ನುಂಗಿಯೂ ಏರಿದೆ. ನಿಮ್ಮ ಮೈಯೇ ಹೀಗಿರಬೇಕು. ಮಾತ್ರೆ ಎರಡು ಪಟ್ಟು ಮಾಡೋಣ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತಾ?"

"ಇಲ್ಲ," ಅಂದೆ.

ಇವಳು ನನ್ನ ಕಡೆ ನೋಡಿದಳು. ದಾರಿಯಲ್ಲಿ ಬಸ್ಸಿನಲ್ಲಿ, "ಭಾವನ ವಿಷಯ ಡಾಕ್ಟರಿಗೆ ಹೇಳ್ಬೇಕಿತ್ತು," ಅಂದಳು. ಅಣ್ಣ ಐವತ್ತೆರಡಕ್ಕೆ ಹೋದ. ಆ ಮಾತು ಎತ್ತಬೇಡ ಅಂತ ಎಷ್ಟು ಸಲ ಹೇಳಿದ್ದೇನೆ.

ಒಂದನ್ನೂ ನುಂಗದೆ ಮಾತ್ರೆಯ ಇಡೀ ಸ್ಟ್ರಿಪ್ಪು ಹಾಗೇ ಇದೆ. ಅದನ್ನು ಎರಡು ಪಟ್ಟು ಮಾಡಿದರೆ ಏನು ಬರುತ್ತೆ.

ಏಪ್ರಿಲ್ 2, ಬುಧವಾರ

ಸಣ್ಣ ಮೇಡಂ ಒಂದೇ ವಾರದಲ್ಲಿ ಎರಡನೇ ಸಲ ರಕ್ತ ತೆಗೆದಳು. ಹೊಸ ರಾಸಾಯನಿಕ ತರಿಸಿದ್ದಾಳೆ. ಹನಿ ಅಳೆಯುವ ಪಿಪೆಟ್ಟುಗಳನ್ನೆಲ್ಲ ತೂಕ ಹಾಕಿಸಿ ಸರಿಪಡಿಸಿದ್ದಾಳೆ. ಬೇರೆ ಲ್ಯಾಬಿನ ಯಂತ್ರ ಬೇಡಿಕೊಂಡು ಅಲ್ಲಿಯೂ ತಿರುಗಿಸಿ ನೋಡಿದ್ದಾಳೆ. ಎಲ್ಲ ಕಡೆ ಅದೇ ಉತ್ತರ. ಸಾದಾ ಗುಂಪು ಈಗ ನೂರ ಅರವತ್ತೈದು.

ಮೊಲಗಳ ಕಿವಿ ನೋಡುವುದಕ್ಕಾಗುವುದಿಲ್ಲ. ನೀಲಿಗಟ್ಟಿವೆ. "ಸಾಕು ಮಾಡಿ ಮೇಡಂ, ಅವಕ್ಕೂ ಜೀವ ಅಂತ ಒಂದಿದೆ," ಅಂದೆ, ಸ್ವಲ್ಪ ಜೋರಾಗಿಯೇ.

ಅವಳು ಸೂಜಿ ಕೆಳಗಿಟ್ಟಳು. ಮೂರು ಸಲ ಚುಚ್ಚಿಯೂ ನಾಳ ಸಿಕ್ಕಿರಲಿಲ್ಲ. ಅಂಥ ಕೈ. "ಇಪ್ಪತ್ತೊಂದಕ್ಕೆ ಸಂಶೋಧನಾ ಸಮಿತಿ ಮುಂದೆ ನಿಲ್ಬೇಕು. ಸಾದಾ ಗುಂಪು ಯಾಕೆ ಹೀಗಾಯ್ತು ಅಂತ ಹೇಳಕ್ಕಾಗ್ಲಿಲ್ಲ ಅಂದ್ರೆ ನನ್ನನ್ನ ಮನೆಗೆ ಕಳಿಸ್ತಾರೆ," ಅಂದಳು. ನನಗೆ ಹೇಳಿದ್ದೋ, ಮೊಲಕ್ಕೋ ಗೊತ್ತಾಗಲಿಲ್ಲ.

ಮೊಲವನ್ನು ಗೂಡಿಗೆ ಬಿಟ್ಟು ಬಂದೆ. ಅದು ಮೂಲೆ ಸೇರಿತು. ಮೊದಲೆಲ್ಲ ನನ್ನ ಬೆರಳು ಮೂಸುತ್ತಿತ್ತು.

ಏಪ್ರಿಲ್ 10, ಗುರುವಾರ

ಒಂದು ಬಕೆಟ್ಟೂ ತರಲಿಲ್ಲ. ಹದಿನೈದನೇ ಮೆಟ್ಟಿಲಿಗೆ ಕೂತೆ, ಮತ್ತೆ ಇಳಿದೆ. ತಣ್ಣೀರಲ್ಲೇ ತೊಳೆದೆ. ಗೀಸರಿಗೆ ಬೆಂಕಿ ಬೀಳಲಿ.

ಏಪ್ರಿಲ್ 12, ಶನಿವಾರ

ಬರೆಯದೆ ಇದ್ದುಬಿಡೋಣ ಅನಿಸುತ್ತಿದೆ.

ಶನಿವಾರ ಅರ್ಧ ದಿನ, ಮಹಡಿಯಲ್ಲಿ ಯಾರೂ ಇರಲಿಲ್ಲ. ಡ್ರಮ್ಮಿನ ಪಕ್ಕ ಬಗ್ಗಿದಾಗ ಕನ್ನಡಕ ಜಾರಿ ಒಳಗೆ ಬಿತ್ತು. ತಳಕ್ಕೆ ಕೈ ಹಾಕಿ ತಡಕಿದೆ. ತಿರುಗುವ ರೆಕ್ಕೆಗಳನ್ನು ಬೆಸೆದ ಸಂದಿಯಲ್ಲಿ ಬೆರಳಿಗೆ ಏನೋ ಜಿಡ್ಡು ಹತ್ತಿತು. ತೆಗೆದು ನೋಡಿದರೆ ಉಗುರಿನ ಒಳಗೆ ಬಿಳಿ ಮೇಣ. ಗುರುತಿನ ಚೀಟಿಯ ಅಂಚಿನಿಂದ ಕೆರೆದೆ. ಮೇಣದಬತ್ತಿ ಕೆರೆದ ಹಾಗೆ ಸುರುಳಿ ಸುರುಳಿಯಾಗಿ ಬಂತು. ಸಂದಿ ಬಿಟ್ಟು ಗೋಡೆಯ ಮೇಲೆ ಎಳೆದೆ. ಅಲ್ಲಿಯೂ. ಮುಖ ಕಾಣುತ್ತೆ ಅಂದುಕೊಂಡಿದ್ದ ಆ ಹೊಳಪು ಉಕ್ಕಿನದಲ್ಲ, ಕೊಬ್ಬಿನದು.

ಯಾರೂ ವಿವರಿಸಬೇಕಾಗಿರಲಿಲ್ಲ. ಈ ಗುರುವಾರದ ಕೊಬ್ಬು ತಣ್ಣೀರಿಗೆ ಬಿಡದೆ ಡ್ರಮ್ಮಿಗೇ ಅಂಟಿಕೊಂಡಿರುತ್ತೆ. ಮುಂದಿನ ಗುರುವಾರ ಮೊದಲು ಕಲಸುವುದು ಸಾದಾ ಮೇವು. ಬಿಸಿ ಎಣ್ಣೆ ಹುಯ್ದು ಇಪ್ಪತ್ತು ನಿಮಿಷ ತಿರುಗಿಸಿದರೆ ಅದೆಲ್ಲ ಕರಗಿ ಸಾದಾ ಮೊಲಗಳ ಹೊಟ್ಟೆಗೆ. ಪ್ರತಿ ವಾರ. ನನ್ನ ಕೈಯಿಂದ.

ನಿಂತೇ ಇದ್ದೆ. ಆಮೇಲೆ ಏನು ಮಾಡಿದೆ ಅನ್ನುವುದನ್ನೂ ಬರೆಯಬೇಕು. ಕೆಳಗಿಳಿದು ಬಾಯ್ಲರಿನಿಂದ ನೀರು ತಂದೆ. ಏಳೆಂಟು ಮೆಟ್ಟಿಲಿಗೊಂದು ಸಲ ಬಕೆಟ್ಟು ಇಟ್ಟು ಕೂರುತ್ತಾ ಎರಡು ಸಲ ತಂದೆ. ಒಂದು ಚೂರೂ ಬಿಡದ ಹಾಗೆ ಉಜ್ಜಿದೆ. ಬಟ್ಟೆಯಲ್ಲಿ ಒರೆಸಿದೆ. ಇನ್ನು ಯಾರು ಬಂದು ನೋಡಿದರೂ ಏನೂ ಸಿಗುವುದಿಲ್ಲ.

ಬೀಗ ಹಾಕಿ ಮನೆಗೆ ಬಂದೆ.

ಏಪ್ರಿಲ್ 13, ಭಾನುವಾರ

ಇವಳು ಏನಾಯಿತು ಅಂತ ನಾಲ್ಕು ಸಲ ಕೇಳಿದಳು. ಏನೂ ಇಲ್ಲ ಅಂದೆ ನಾಲ್ಕು ಸಲ.

ಇನ್ನು ಏರುವುದಿಲ್ಲ. ಡ್ರಮ್ಮು ಚೊಕ್ಕಟವಾಗಿದೆ, ತಾನಾಗಿ ಇಳಿಯುತ್ತೆ. ಯಾಕೆ ಏರಿತ್ತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಅವಳನ್ನು ಮನೆಗೆ ಕಳಿಸುತ್ತಾರೆ. ಇನ್ನೊಬ್ಬರು ಬರುತ್ತಾರೆ.

ಊಟ ಸೇರಲಿಲ್ಲ.

ಏಪ್ರಿಲ್ 14, ಸೋಮವಾರ

ಹೇಳಿದೆ.

ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದಾಗ ಸಣ್ಣ ಮೇಡಂ ಒಬ್ಬಳೇ ಇದ್ದಳು, ಟ್ಯೂಬುಗಳ ಮುಂದೆ ತಲೆಗೆ ಕೈ ಕೊಟ್ಟು. ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟೆ. ತಣ್ಣೀರು, ಸಂದಿ, ಮೇಣ. ಶನಿವಾರ ತೊಳೆದು ಹಾಕಿದ್ದನ್ನೂ.

ತಲೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

"ಮೂರು ಸಲ ಕೇಳಿದೆ ನಾನು."

"ಹೌದು."

"ರಿಜಿಸ್ಟರಲ್ಲಿ ಸಹಿ ಮಾಡಿದ್ದೀರಿ."

"ತೊಳೆದಿದ್ದೆ ಅಂತಲೇ... ಬಿಸಿನೀರಲ್ಲಿ ಅಲ್ಲ."

ಎದ್ದು ನಿಂತಳು. ಅವಳ ದನಿ ಅಷ್ಟು ಜೋರಾಗಿದ್ದು ನಾನು ಕೇಳಿರಲಿಲ್ಲ. "ಒಂದು ತಿಂಗಳಿಂದ ನನ್ನ ಕೈಗಳನ್ನೇ ಅನುಮಾನಿಸ್ತಾ ಇದ್ದೀನಿ ನಾನು! ಊಟ ನಿದ್ದೆ ಎಲ್ಲ ಮರೆತಿದ್ದೀನಿ. ನಂಗೆ ಈ ಕೆಲಸ ಬರಲ್ವೇನೋ ಅಂತ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೀನಿ. ಆ ಮೊಲಗಳ ಕಿವಿ ನೋಡಿ ಬೈದ್ರಲ್ಲ ನನ್ನ, ಅದು ಯಾರಿಂದ ಆಯ್ತು? ಹದಿನಾರು ಜೀವ, ಒಂಬತ್ತು ವಾರ. ಒಂದು ಬಕೆಟ್ ಬಿಸಿನೀರು, ಇವರೇ. ಒಂದು ಬಕೆಟ್! ಯಾಕೆ ತರ್ಲಿಲ್ಲ?"

ಗೀಸರು ಅನ್ನಬಹುದಿತ್ತು. ಅರ್ಜಿಗಳ ನಕಲು ಜೇಬಲ್ಲೇ ಇತ್ತು. ಆದರೆ ಬಾಯಿಗೆ ಬಂದದ್ದು, "ಮೆಟ್ಟಿಲು ಹತ್ತಕ್ಕಾಗಲ್ಲ."

"ಏನಂದ್ರೆ?"

"ಹತ್ತಿದ್ರೆ ಎದೆ ಹಿಡಿಯುತ್ತೆ. ಕೂತ್ರೆ ಬಿಡುತ್ತೆ."

ಅವಳ ಮುಖ ಬದಲಾಯಿತು. ಕೋಪ ಹೋಗಲಿಲ್ಲ, ಅದರ ಜೊತೆಗೆ ಇನ್ನೇನೋ ಬಂತು. "ಎಷ್ಟು ದಿನದಿಂದ? ಕೈಗೆ ಬರುತ್ತಾ ನೋವು? ದವಡೆಗೆ?"

"ಫೆಬ್ರವರಿಯಿಂದ. ದವಡೆಗೆ ಸ್ವಲ್ಪ. ಗ್ಯಾಸು ಮೇಡಂ ಅದು."

"ನಾನು ದಿನಾ ರಕ್ತನಾಳ ಸೀಳಿ ನೋಡೋಳು. ನಂಗೆ ಗ್ಯಾಸಿನ ಕಥೆ ಹೇಳ್ಬೇಡಿ. ಹೊರಡಿ. ಮೆಟ್ಟಿಲು ನಿಧಾನಕ್ಕೆ ಇಳೀರಿ. ಆಸ್ಪತ್ರೆಗೆ ಹೋಗ್ತಾ ಇದ್ದೀವಿ."

ಆಟೋ ಕರೆದವರು ಸಣ್ಣ ಮೇಡಂ. ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಕ್ಷಮೆ ಕೇಳುವುದಕ್ಕೂ ಆಗಲಿಲ್ಲ. ಇದನ್ನು ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೈಗೆಲ್ಲ ತಂತಿ ಅಂಟಿಸಿದ್ದಾರೆ.

ಏಪ್ರಿಲ್ 17, ಗುರುವಾರ

ಮಣಿಕಟ್ಟಿನ ನಾಳದಿಂದ ಸಣ್ಣ ನಳಿಗೆ ತೂರಿಸಿ ನೋಡಿದರು. ಎರಡು ಕಡೆ ಕಟ್ಟಿಕೊಂಡಿತ್ತು. ಒಂದು ಕಡೆ ನೂರಕ್ಕೆ ತೊಂಬತ್ತು ಭಾಗ. ಎರಡು ಸ್ಟೆಂಟ್ ಹಾಕಿದ್ದಾರೆ. ಪರದೆಯ ಮೇಲೆ ನನಗೂ ತೋರಿಸಿದರು. ಹರಿಯುತ್ತಾ ಬಂದ ಕಪ್ಪು ಗೆರೆ ಒಂದು ಜಾಗದಲ್ಲಿ ದಾರದಷ್ಟಾಗಿತ್ತು.

ಇವಳು ಮೂರು ದಿನದಿಂದ ಆ ಸ್ಟೂಲು ಬಿಟ್ಟು ಎದ್ದಿಲ್ಲ. ಇವತ್ತು ಡಾಕ್ಟರಿಗೆ ನಾನೇ ಹೇಳಿದೆ. ಪುಸ್ತಕದಲ್ಲಿ ಬರೆದದ್ದೆಲ್ಲ ಸುಳ್ಳು, ಮಾತ್ರೆ ಒಂದನ್ನೂ ನುಂಗಿಲ್ಲ, ಅಣ್ಣ ಐವತ್ತೆರಡಕ್ಕೆ ಹೋದ. ಇವಳು ಕೇಳಿಸಿಕೊಳ್ಳುತ್ತಲೇ ಇದ್ದಳು. ಬೈಯುತ್ತಾಳೆ ಅಂದುಕೊಂಡೆ. ಡಾಕ್ಟರು ಹೋದ ಮೇಲೆ ಹೊದಿಕೆಯ ಅಂಚು ಸರಿಮಾಡುತ್ತಾ, "ಭಾವನೂ ಗ್ಯಾಸು ಅಂತಾನೇ ಅಂದಿದ್ರಲ್ಲ," ಅಂದಳು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 22, ಮಂಗಳವಾರ

ಮೊನ್ನೆ ಹಾಸಿಗೆಯಲ್ಲೇ ಕೂತು ಸಮಿತಿಗೆ ಒಂದು ಕಾಗದ ಬರೆದೆ. ಯಾವ ವಾರ ಎಷ್ಟು ಬಿಸಿನೀರು ತಂದೆ, ಯಾವ ವಾರ ತರಲಿಲ್ಲ, ಎಲ್ಲ. ಈ ಪುಸ್ತಕ ನೋಡಿಕೊಂಡೇ ಬರೆದೆ. ತೆಗೆದುಕೊಂಡು ಹೋಗಲು ದೊಡ್ಡ ಮೇಡಂ ತಾವೇ ಬಂದರು. ನಿಂತೇ ಓದಿದರು.

"ನೀವು ದೂರು ಕೊಟ್ಟ ದಿನ ನಾನು ಏನೂ ವಿಚಾರಿಸದೆ ಅವಳ ಮೇಲೆ ಹಾರಾಡಿದೆ. ಮೇವಿನ ಪರೀಕ್ಷೆ ಬೇಡ ಅಂದವಳೂ ನಾನೇ. ಅದನ್ನ ನಿಮ್ಮ ಕಾಗದದಲ್ಲಿ ಸೇರಿಸ್ಬೇಡಿ. ನಾನೇ ಹೇಳ್ತೀನಿ," ಅಂದರು. ನಿಮಗೂ ಮೆಮೊ ಬರುತ್ತೆ ಅಂತಲೂ ಹೇಳಿದರು. ಬರಲಿ.

ಇವತ್ತು ಫೋನು ಬಂತು. ಸಣ್ಣ ಮೇಡಂ ಎತ್ತಿಟ್ಟಿದ್ದ ಪುಟ್ಟ ಚೀಲಗಳು ಪರೀಕ್ಷೆಗೆ ಹೋಗಿದ್ದವಂತೆ. ಸಾದಾ ಮೇವಿನಲ್ಲಿ ವಾರದಿಂದ ವಾರಕ್ಕೆ ಕೊಲೆಸ್ಟ್ರಾಲು ಹೆಚ್ಚುತ್ತಾ ಹೋಗಿದೆ. ಅವರಿಗೆ ಐದು ತಿಂಗಳು ಕೊಟ್ಟಿದ್ದಾರೆ, ಮೊದಲಿನಿಂದ ಎಲ್ಲ ಮಾಡಬೇಕು. ಫೋನು ಮಾಡಿದವರು ದೊಡ್ಡ ಮೇಡಂ. ಸಣ್ಣ ಮೇಡಂ ಮಾಡಲಿಲ್ಲ.

ಮೇ 6, ಮಂಗಳವಾರ

ಮನೆಯಲ್ಲೇ. ಸಪ್ಪೆ ಸೂಪು, ನಿಜವಾದದ್ದು. ಇದನ್ನು ಇಷ್ಟು ದಿನ ಬರೆದಿದ್ದೆನಲ್ಲ, ತಿಂದು ನೋಡಿದ್ದರೆ ಬರೆಯುತ್ತಿರಲಿಲ್ಲ.

ಕೊಬ್ಬಿನ ಗುಂಪಿನ ಎಂಟು ಮೊಲಗಳನ್ನು ನಿನ್ನೆ ಮುಗಿಸಿದರಂತೆ, ರಕ್ತನಾಳ ತೆಗೆದು ನೋಡಲು. ಅದು ಪ್ರಯೋಗದಲ್ಲಿ ಇದ್ದದ್ದೇ. ಆದರೆ ಹೋಲಿಸಲು ಸರಿಯಾದ ಸಾದಾ ಗುಂಪು ಇಲ್ಲದ ಮೇಲೆ ಅವು ಅರ್ಧ ದಂಡವಾಗಿಯೇ ಹೋದವು. ಅವನ್ನು ಯಾರು ಹಿಡಿದಿದ್ದರು ಅಂತ ಕೇಳಿದೆ. ಸಣ್ಣ ಮೇಡಂ ತಾವೇ ಹಿಡಿದಿದ್ದರಂತೆ.

ಸಾದಾ ಗುಂಪಿನ ಎಂಟನ್ನು ಇಟ್ಟುಕೊಂಡಿದ್ದಾರೆ. ನಿಜವಾದ ಸಾದಾ ಮೇವು ಹಾಕಿ, ಏರಿದ್ದು ಇಳಿಯಲು ಎಷ್ಟು ವಾರ ಬೇಕು ಅಂತ ನೋಡುತ್ತಾರಂತೆ. ಲಿವರು ಮುಚ್ಚಿಟ್ಟುಕೊಂಡ ಕೈಗಳನ್ನು ಮತ್ತೆ ಯಾವಾಗ ಚಾಚುತ್ತೆ ಅಂತ.

ಮಧ್ಯಾಹ್ನ ಇವಳ ಹೊಲಿಗೆ ಅಂಗಡಿಯ ತನಕ ನಡೆದೆ. ಒಂದು ಕಡೆಯೂ ನಿಲ್ಲಲಿಲ್ಲ.

ಜೂನ್ 12, ಗುರುವಾರ

ಕೆಲಸಕ್ಕೆ ಸೇರಿ ನಾಲ್ಕನೇ ದಿನ. ಭಾರ ಎತ್ತಕೂಡದು ಅಂತ ನನಗೊಂದು ಕುರ್ಚಿ ಕೊಟ್ಟು ರಿಜಿಸ್ಟರಿನ ಮುಂದೆ ಕೂರಿಸಿದ್ದಾರೆ. ಸುಮ್ಮನೆ ಕೂತು ಬೆನ್ನು ಹಿಡಿಯಿತು. ಗೀಸರು ಸರಿಯಾಗಿದೆ. ನಾನು ಆಸ್ಪತ್ರೆ ಸೇರಿದ ಎರಡನೇ ದಿನಕ್ಕೇ ಸರಿಮಾಡಿದರಂತೆ, ಒಂದು ತಂತಿ ಬಿಟ್ಟುಹೋಗಿತ್ತಂತೆ. ಒಂದು ತಂತಿ. ಆ ನಿರ್ವಹಣೆಯವರ ಮುಖ ನೋಡಿದರೆ ಈಗಲೂ ರಕ್ತ ಕುದಿಯುತ್ತೆ. ಕುದಿಸಿಕೊಳ್ಳಬಾರದು ಅಂತ ಡಾಕ್ಟರು ಹೇಳಿದ್ದಾರೆ, ಅದಕ್ಕೇ ಇಲ್ಲಿ ಬರೆದು ಮುಗಿಸುತ್ತೇನೆ.

ಹೊಸ ಹದಿನಾರು ಮೊಲಗಳ ಮೊದಲ ವರದಿ ಬಂದಿದೆ. ಸಾದಾ ಗುಂಪು: ನಲವತ್ತನಾಲ್ಕರಿಂದ ಐವತ್ತೇಳರ ಒಳಗೆ. ಹಳೆಯ ಎಂಟು ಇನ್ನೂ ಎಂಬತ್ತರಲ್ಲೇ ಇವೆ. ಇಳಿಯುತ್ತಿವೆ, ಆದರೆ ನಿಧಾನ.

ಸಣ್ಣ ಮೇಡಂ ಈ ನಾಲ್ಕು ದಿನದಲ್ಲಿ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಿಲ್ಲ. ನಾನೂ ಅವರನ್ನು ಪೀಡಿಸಲಿಲ್ಲ. ಒಂದು ಸಲ ಮಾತ್ರ, "ಮಾತ್ರೆ?" ಅಂದರು. "ನುಂಗ್ತಾ ಇದ್ದೀನಿ," ಅಂದೆ. ನಂಬಿದರೋ ಇಲ್ಲವೋ. ಸಂಜೆ ಮಾತ್ರೆಯ ಸ್ಟ್ರಿಪ್ಪು ತೋರಿಸಿ ಅಂದರೆ ತೋರಿಸೋಣ ಅಂತ ಜೇಬಲ್ಲಿಟ್ಟುಕೊಂಡಿದ್ದೆ. ಕೇಳಲಿಲ್ಲ.

ಇವತ್ತು ಮೇವು ಕಲಸಿದ್ದು ಅವರೇ. ಮುಗಿದ ಮೇಲೆ ಕುದಿಯುವ ನೀರಿನಲ್ಲಿ ಎರಡು ಸಲ ತೊಳೆದು, ಬೆವರು ಒರೆಸಿಕೊಳ್ಳುತ್ತಾ ನನ್ನ ಕುರ್ಚಿಯ ಹತ್ತಿರ ಬಂದರು.

"ಒಂದು ಸಲ ನೀವೂ ನೋಡಿಬಿಡಿ, ಫೀಡಣ್ಣ."

ಎದ್ದು ಹೋಗಿ ಸಂದಿ ಸಂದಿಗೂ ಉಗುರು ಹಾಕಿ ಎಳೆದೆ. ಏನೂ ಹತ್ತಲಿಲ್ಲ. "ಸರಿಯಾಗಿದೆ ಮೇಡಂ," ಅಂದೆ.

ಅವರು ತಲೆಯಾಡಿಸಿದರು. ಆದರೂ ಒಂದು ಬಿಳಿ ಬಟ್ಟೆ ತೆಗೆದುಕೊಂಡು ನಾನು ನೋಡಿದ ಜಾಗವನ್ನೇ ಮತ್ತೆ ಒರೆಸಿ ನೋಡುವುದಕ್ಕೆ ಒಳಗೆ ಬಗ್ಗಿದರು. ತಳದಲ್ಲಿ ಬೆಳಕು ಸಾಲುತ್ತಿರಲಿಲ್ಲ. ಗೋಡೆಯ ಮೊಳೆಯಲ್ಲಿದ್ದ ಟಾರ್ಚು ತಂದು, ಅವರು ಸಾಕು ಅನ್ನುವ ತನಕ ಹಿಡಿದುಕೊಂಡು ನಿಂತೆ.